ನಂಬರ್ ಹೊಡೆದವರು ಯಾರು?

ಆಯುಧ ಪೂಜೆಯ ಹೊತ್ತಿಗೆ ದೇವರಗುಡ್ಡಕ್ಕೆ ಹೋದರೆ ಎರಡು ಜಾತ್ರೆ ಕಾಣುತ್ತವೆ. ಒಂದು ಕಡೆ ಮಾಲತೇಶನ ಕಾರ್ಣಿಕ, ಅಂದರೆ ಭವಿಷ್ಯದ ನುಡಿ, ಕೇಳಲು ನೆರೆದ ಜನ. ಇನ್ನೊಂದು ಕಡೆ ಸೇವಂತಿಗೆ ಮಾಲೆ ಹಾಕಿಸಿಕೊಂಡು, ಗಾಲಿಯಡಿ ನಿಂಬೆಹಣ್ಣು ಇಡಿಸಿಕೊಂಡು ನಿಂತ ಟ್ರ್ಯಾಕ್ಟರು, ಟೆಂಪೊ, ಬೈಕು, ಕಾರು. ನಮ್ಮ ಕಡೆ ಇವಕ್ಕೆಲ್ಲ ಒಂದೇ ಹೆಸರು, ಗಾಡಿ. ಎತ್ತಿನದೂ ಗಾಡಿಯೇ.

ಅಂಥ ಒಂದು ದಿನ ನನ್ನ ಅಕ್ಕನ ಮಗ ನನ್ನನ್ನು ಊರ ಹೊರಗಿನ ಪತ್ರಾಸಿನ ಶೆಡ್ಡಿಗೆ ಕರೆದುಕೊಂಡು ಹೋದ. ಮಾರಾಟಕ್ಕಿದ್ದದ್ದು ಒಂದು ಮರೂನ್ ಬಣ್ಣದ ಜಾವಾ. ಮಾರುವ ಹಿರಿಯರು ಗಾಡಿಯ ಟಾಕಿಯ ಮೇಲೆ ಕೈಯಿಟ್ಟು ಹೇಳಿದರು: "ಸಾದಾ ಜಾವಾ ಅಲ್ರೀ ಇದು. ಮೈಸೂರಾಗ ಮೊದಲ ವರ್ಷ ತಯಾರಾದದ್ದು. ಒಳಗಿನ ಸಾಮಾನೆಲ್ಲ ಫಾರಿನ್‌ದು. ಒಂದ್ ಬೋಲ್ಟೂ ಬದಲಾಗಿಲ್ಲ."

ಆ ಮಾತಿನ ಹಿಂದೆ ನಿಜವಾದ ಇತಿಹಾಸವಿದೆ. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಗಾಡಿ ತಯಾರಿಸಲು ಶುರುಮಾಡಿದಾಗ, ಮೊದಮೊದಲು ಜೆಕೊಸ್ಲೊವಾಕಿಯಾದಿಂದ ಬಂದ ಬಿಡಿಭಾಗಗಳನ್ನೇ ಅಲ್ಲಿ ಜೋಡಿಸುತ್ತಿದ್ದರು. 1973ರಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಹಾಗಾಗಿ ಆ ಮೊದಲ ಕಂತಿನ ಗಾಡಿಗೆ ಈಗ ಬೇರೆಯದೇ ಬೆಲೆ. ಹಿರಿಯರು ಜಿಕೋವ್ ಕಾರ್ಬುರೇಟರ್ ತೋರಿಸಿದರು, ಪಾಲ್ ಕಂಪನಿಯ ವಿದ್ಯುತ್ ಸಾಮಾನು ತೋರಿಸಿದರು. ನಮ್ಮ ಜೊತೆ ಬಂದಿದ್ದ ಮಿಸ್ತ್ರಿ ಏನೂ ಮಾತಾಡದೆ ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದ. ಎಂಜಿನ್ ನಂಬರಿಗೂ ಹಾಗೇ ಮಾಡಿದ. ಬೂದು ಬಣ್ಣದಲ್ಲಿ ಅಂಕಿಗಳು ಮೂಡಿದವು. ಆರ್‌ಸಿ ಪುಸ್ತಕಕ್ಕೆ ಹಿಡಿದು ನೋಡಿದರೆ ಎರಡೂ ತಾಳೆಯಾದವು. ಅಳಿಯನ ಮುಖ ಅರಳಿತು. ಮಿಸ್ತ್ರಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ನಂಬರ್ ಐತ್ರೀ ಸರ. ಹೊಡದವರು ಯಾರು ಅನ್ನೂದನ್ನ ನಂಬರ್ ಹೇಳೂದಿಲ್ಲ."

ಅವತ್ತಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ. ಹಳೆಯ ಗಾಡಿಯ, ಅದರಲ್ಲೂ ಸ್ಪೆಷಲ್ ಎಡಿಷನ್ ಅನ್ನಿಸಿಕೊಂಡ ಗಾಡಿಯ ಅಸಲಿತನ ಇರುವುದಾದರೂ ಎಲ್ಲಿ?

ಮೊದಲು ಈ 'ವಿಶೇಷ' ಎಂಬುದನ್ನೇ ನೋಡಬೇಕು. 1973ರ ಪೋರ್ಷೆ ಕರೇರಾ ಆರ್‌ಎಸ್ ಜಗತ್ತಿನ ಹೆಸರುವಾಸಿ ವಿಶೇಷ ಕಾರುಗಳಲ್ಲಿ ಒಂದು. ತಯಾರಾದದ್ದು 1,580 ಮಾತ್ರ. ಸಾದಾ 911 ಕಾರಿಗೆ ಹಿಂದೊಂದು ಬಾತುಕೋಳಿ ಬಾಲದಂಥ ರೆಕ್ಕೆ ಕೂಡಿಸಿ, ಪಕ್ಕದಲ್ಲಿ ಹೆಸರು ಬರೆದು, ಬೇಕಾದ ಎಂಜಿನ್ ಇಟ್ಟರೆ ನೋಡಲು, ಓಡಿಸಲು ಎರಡೂ ಹೆಚ್ಚುಕಡಿಮೆ ಒಂದೇ. ಹಾಗೆ ಮಾಡಿದ ಕಾರುಗಳು ಬಹಳ ಇವೆ. ಇಷ್ಟಾದರೂ ಒಂದು ಅಸಲಿ, ಇನ್ನೊಂದು ಅಲ್ಲ. ವ್ಯತ್ಯಾಸ ಲೋಹದಲ್ಲಿಲ್ಲ. ಒಂದು ವರ್ಷ, ಒಂದು ಕಾರ್ಖಾನೆಯಲ್ಲಿ, ಕೆಲವರು ಸೇರಿ ಒಂದು ಕೆಲಸ ಮಾಡಿದರು, ಅಷ್ಟೆ. ಆ ಕೆಲಸ ನಡೆದು ಮುಗಿದಿದೆ. ನಡೆದುಹೋದದ್ದನ್ನು ಸ್ಪ್ಯಾನರ್ ಹಿಡಿದು ಬಿಚ್ಚಿ ನೋಡಲಾಗದು.

ನಮ್ಮ ಪಕ್ಕದ ಬ್ಯಾಡಗಿ ಮೆಣಸಿನಕಾಯಿಯ ಸಂಗತಿ ಹೀಗಲ್ಲ. ಅದಕ್ಕೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಮಾರುಕಟ್ಟೆಯಲ್ಲಿ ಅದರ ಹೆಸರಲ್ಲಿ ಬೇರೆ ತಳಿ ಬೆರೆಸುವ ಕಾಟವೂ ಇದೆ. ಆದರೆ ಕಾಯಿಯ ಸುಕ್ಕು, ಕಡುಗೆಂಪು, ಖಾರ ಕಡಿಮೆಯಾಗಿರುವುದು ಇವೆಲ್ಲ ಕಾಯಿಯಲ್ಲೇ ಇವೆ. ಮುರಿದು ನೋಡಬಹುದು, ಒಗ್ಗರಣೆಗೆ ಹಾಕಿ ನೋಡಬಹುದು. ಅದು ತನ್ನ ಗುಣದಿಂದ ತಾನು. ವಿಶೇಷ ಗಾಡಿ ತನ್ನ ಕಥೆಯಿಂದ ತಾನು.

ಹಾಗಾದರೆ ಲೋಹವನ್ನು ಪರೀಕ್ಷಿಸುವುದು ವ್ಯರ್ಥವೇ? ಅಲ್ಲ. ಬಣ್ಣದ ಮೇಲೆ ಅಯಸ್ಕಾಂತ ಆಡಿಸಿದರೆ ಪುಟ್ಟಿ ತುಂಬಿದ ಜಾಗದಲ್ಲಿ ಅದು ಜಾರುತ್ತದೆ. ನಂಬರನ್ನು ಉಜ್ಜಿ ಅಳಿಸಿದ್ದರೂ, ಅಂಕಿ ಹೊಡೆದ ಪೆಟ್ಟಿಗೆ ಕೆಳಗಿನ ಲೋಹದ ಕಣಗಳು ಅದುಮಿಕೊಂಡಿರುತ್ತವೆ. ವಿಧಿವಿಜ್ಞಾನದವರು ಅಲ್ಲಿ ಆಮ್ಲ ಸವರಿದರೆ ಅಳಿಸಿದ ಅಂಕಿ ಮತ್ತೆ ಮೂಡುವುದುಂಟು. ಕಬ್ಬಿಣ ತಿಂದ ಏಟನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ನನಗೆ ಇಂದಿಗೂ ಬೆರಗು. ಆದರೆ ಗಮನಿಸಿ, ಇವೆಲ್ಲ ಸುಳ್ಳನ್ನು ಹಿಡಿಯುವ ಪರೀಕ್ಷೆಗಳು. ಎಲ್ಲವನ್ನೂ ಪಾಸು ಮಾಡಿದ ಗಾಡಿಯ ಬಗ್ಗೆಯೂ ನಾವು ಹೇಳಬಹುದಾದದ್ದು ಇಷ್ಟೆ, ಸುಳ್ಳು ಇನ್ನೂ ಸಿಕ್ಕಿಲ್ಲ. ಲೋಹ 'ಅಲ್ಲ' ಎನ್ನಬಲ್ಲದು. 'ಹೌದು' ಎನ್ನಲು ಮನುಷ್ಯನ ಬಾಯಿಯೇ ಬೇಕು.

ಇದನ್ನು ಒಪ್ಪದವರು ಹೇಳುತ್ತಾರೆ: ಬಿಡಿಭಾಗಗಳೇ ಗಾಡಿ, ಮೂಲ ಭಾಗ ಎಷ್ಟು ಉಳಿದಿದೆ ಎಂದು ಎಣಿಸಿದರಾಯಿತು. ಮಿಲಿಂದ ರಾಜ ನಾಗಸೇನ ಭಿಕ್ಷುವಿನ ಬಳಿ ಬಂದಾಗ ಭಿಕ್ಷು ಕೇಳಿದ್ದೂ ಇದನ್ನೇ. ನೀನು ಬಂದ ರಥ ಯಾವುದು, ಅಚ್ಚೇ, ಗಾಲಿಯೇ, ನೊಗವೇ? ಯಾವುದೂ ಅಲ್ಲ. ಎಲ್ಲ ಸೇರಿದ್ದಕ್ಕೆ ನಾವಿಟ್ಟ ಹೆಸರು ರಥ. ಆ ಮಾತು ಗೆದ್ದಿತು. ಆದರೆ ಗಾಡಿ ಕೊಳ್ಳುವವನಿಗೆ ಅದು ಸಾಲದು, ಏಕೆಂದರೆ ಅವನು ದುಡ್ಡು ಕೊಡುತ್ತಿರುವುದು ಹೆಸರಿಗೇ. ಹೆಸರು ಬರೀ ಒಪ್ಪಂದವಾದರೆ, ಆ ಒಪ್ಪಂದವನ್ನು ಮುರಿದವರಾರು, ನಡೆಸಿಕೊಂಡು ಬಂದವರಾರು ಎಂದು ಕೇಳಲೇಬೇಕು.

1990ರಲ್ಲಿ ಲಂಡನ್ನಿನ ಹೈಕೋರ್ಟು ಇದನ್ನೇ ಕೇಳಬೇಕಾಗಿ ಬಂತು. 'ಓಲ್ಡ್ ನಂಬರ್ ಒನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್ ಕಾರು 1929 ಮತ್ತು 1930ರಲ್ಲಿ ಲೆ ಮಾನ್ಸ್ ರೇಸು ಗೆದ್ದಿತ್ತು. ಆಮೇಲೆ ಅದಕ್ಕೆ ಬೇರೆ ಎಂಜಿನ್ ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅಪಘಾತವಾಗಿ ಓಡಿಸುತ್ತಿದ್ದವನು ಸತ್ತ. ಕಾರನ್ನು ಮತ್ತೆ ಕಟ್ಟಿದರು, ಮೈ ಬದಲಾಯಿತು. ದಶಕಗಳ ನಂತರ 1 ಕೋಟಿ ಪೌಂಡಿಗೆ ಮಾತಾಯಿತು. ಕೊಳ್ಳುವವರು ತಿರುಗಿಬಿದ್ದರು, ಇದು ಆ ಕಾರೇ ಅಲ್ಲ ಎಂದರು. ರೇಸು ಗೆದ್ದ ಕಾರಿನ ಲೋಹ ಅದರಲ್ಲಿ ಉಳಿದದ್ದು ಬಹಳ ಕಡಿಮೆ ಎಂಬುದು ವಿಚಾರಣೆಯಲ್ಲಿ ಬಯಲಾಯಿತು. ಆದರೂ ನ್ಯಾಯಮೂರ್ತಿ ಓಟನ್ ಮಾರಿದವರ ಪರ ತೀರ್ಪು ಕೊಟ್ಟರು. ಇದನ್ನು 'ಮೂಲ' ಎನ್ನಲಾಗದು, 'ಅಸಲಿ' ಎನ್ನಬಹುದು ಎಂಬುದು ಅದರ ತಿರುಳು. ಪ್ರತಿ ಬದಲಾವಣೆಯೂ ಅದೇ ಕಾರಿಗೆ ಆದದ್ದು, ಒಂದರ ಹಿಂದೆ ಒಂದು, ನಡುವೆ ಎಲ್ಲೂ ಕಡಿಯದೆ. ಆ ಹೆಸರಿಗೆ ಹಕ್ಕುದಾರನಾದ ಇನ್ನೊಂದು ಕಾರು ಜಗತ್ತಿನಲ್ಲಿರಲಿಲ್ಲ.

ಮೂಲ ಬೇರೆ, ಅಸಲಿ ಬೇರೆ ಎಂಬ ಈ ಗೆರೆಯನ್ನು ನಮ್ಮ ಕಾಯಿದೆ ಎಳೆದಿಲ್ಲ ಎಂಬುದು ನನ್ನ ತಕರಾರು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿಸ್, ಮೈ, ಎಂಜಿನ್ ಮಾರ್ಪಾಡಾಗಿರಬಾರದು. ಹಳೆಯದನ್ನು ಕಾಪಾಡುವ ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಹಳ್ಳಿಗಳಲ್ಲಿ ಈ ಗಾಡಿಗಳು ಅರಮನೆಯ ಶೆಡ್ಡಿನಲ್ಲಿ ಇರಲಿಲ್ಲ. ಹಿಂಡಿ ಚೀಲ ಹೊತ್ತವು, ಬಸುರಿಯನ್ನು ಆಸ್ಪತ್ರೆಗೆ ಒಯ್ದವು. ಸವೆದ ಭಾಗ ಬದಲಾಗಲೇಬೇಕು. ಬದಲಾದದ್ದನ್ನು ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂದಾದರೆ, ಇತಿಹಾಸ ಉಳಿಸಲು ಬಂದ ನಿಯಮವೇ ಇತಿಹಾಸವನ್ನು ಅಳಿಸಲು ಕಲಿಸುತ್ತದೆ.

ಹೇಳಿಕೆಯೇ ಆಧಾರವೆಂದರೆ ಯಾರ ಹೇಳಿಕೆ? ವಿದೇಶದ ಕೆಲವು ಕಾರುಗಳಿಗೆ ಕಾರ್ಖಾನೆಯ ಹಳೆಯ ಲೆಡ್ಜರ್ ನೋಡಿ ಪ್ರಮಾಣಪತ್ರ ಕೊಡುವವರಿದ್ದಾರೆ. ಮೈಸೂರಿನ ಗಾಡಿಯ ಬಗ್ಗೆ ಕೇಳೋಣವೆಂದರೆ ಕಾರ್ಖಾನೆಯೇ ಇಲ್ಲ. ಆರ್‌ಟಿಒ ಕಚೇರಿಯ ಬಿ ಎಕ್ಸ್‌ಟ್ರಾಕ್ಟ್ ಇದೆ, ಅದರಲ್ಲಿ ಗಾಡಿ ಯಾರಿಂದ ಯಾರ ಹೆಸರಿಗೆ ಹೋಯಿತು ಎಂಬುದು ಸಿಗುತ್ತದೆ. ಉಳಿದದ್ದು ಜನರ ನೆನಪು.

ನೆನಪನ್ನು ನಂಬುವುದು ಹೇಗೆ ಎಂದು ಕೇಳುವವರು ಒಮ್ಮೆ ಕಾರ್ಣಿಕದ ಹೊತ್ತಿಗೆ ನಿಂತು ನೋಡಬೇಕು. ವ್ರತ ಹಿಡಿದ ಗೊರವಯ್ಯ, ಮಾಲತೇಶನ ಸೇವಕ, ಎತ್ತರದ ಬಿಲ್ಲನ್ನೇರುತ್ತಾನೆ. ಅಷ್ಟು ಜನರ ಸದ್ದು ಒಮ್ಮೆಗೇ ಅಡಗುತ್ತದೆ. ಒಂದೇ ಒಂದು ಮಾತು ಹೊರಡುತ್ತದೆ, ಅವನು ಕೆಳಗೆ ಜಾರುತ್ತಾನೆ. ಮರುಗಳಿಗೆಯಲ್ಲೇ ಎಲ್ಲ ಕಡೆ "ಏನಂದ? ಏನಂದ?" ದೂರದವರು ಹತ್ತಿರದವರನ್ನು ಕೇಳುತ್ತಾರೆ, ಒಬ್ಬರ ಕಿವಿಗೆ ಬಿದ್ದದ್ದನ್ನು ಇನ್ನೊಬ್ಬರು ತಿದ್ದುತ್ತಾರೆ. ಆ ಮಾತಿನ ಫಲ ನಿಜವಾಗುತ್ತದೆಯೇ ಎಂಬ ಚರ್ಚೆ ಬೇರೆ. ಇಂಥ ಮಾತೇ ಆಡಿದ ಎಂಬುದಕ್ಕೆ ಮಾತ್ರ ಕೇಳಿದವರ ಪ್ರಾಮಾಣಿಕತೆಯೇ ಆಧಾರ. ನಮ್ಮ ತರ್ಕಪರಂಪರೆಯ ನ್ಯಾಯದರ್ಶನ ಪ್ರತ್ಯಕ್ಷ, ಅನುಮಾನಗಳ ಜೊತೆಗೆ ಆಪ್ತರ ಮಾತನ್ನೂ ಪ್ರಮಾಣವೆಂದು ಒಪ್ಪಿದೆ. ತಾನು ನೇರವಾಗಿ ಅರಿತದ್ದನ್ನು, ಅರಿತ ಹಾಗೆಯೇ ತಿಳಿಸಬೇಕೆಂದು ಮಾತಾಡುವವನೇ ಆಪ್ತ ಎನ್ನುತ್ತಾನೆ ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣ ಒಂದೇ ಎಂದೂ ಸೇರಿಸುತ್ತಾನೆ. ಪದವಿಯಾಗಲಿ ಮೊಹರಾಗಲಿ ಒಬ್ಬನನ್ನು ಆಪ್ತನನ್ನಾಗಿಸುವುದಿಲ್ಲ. ಪತ್ರಾಸಿನ ಶೆಡ್ಡಿನಲ್ಲಿ ಎಣ್ಣೆಗೈ ಒರೆಸಿಕೊಳ್ಳುತ್ತ ನಿಂತವನೂ ಆಪ್ತನಾಗಬಲ್ಲ.

ಅವತ್ತು ಮಿಸ್ತ್ರಿ ಪೆನ್ಸಿಲ್ ಕಾಗದವನ್ನು ಬೆಳಕಿಗೆ ಹಿಡಿದೇ ಇದ್ದ. ಎಂಜಿನ್ ಮೇಲಿನ ಅಂಕಿಗಳ ನಡುವೆ ಅಂತರ ಒಂದೇ ಸಮ ಇರಲಿಲ್ಲ. ಅವನು ಆರೋಪ ಮಾಡಲಿಲ್ಲ. ಕಾಗದವನ್ನು ಹಿರಿಯರ ಕೈಗೆ ಕೊಟ್ಟು, "ಕಾಕಾ, ನೀವ ನೋಡ್ರಿ" ಎಂದ.

ಅವರು ಬಹಳ ಹೊತ್ತು ನೋಡಿದರು. "ಎಂಜಿನ್ ಬ್ಯಾರೆದ್ರೀ" ಎಂದರು ಕೊನೆಗೆ. "ಅಪ್ಪಾರು ಇದ್ದಾಗ ಹುಬ್ಬಳ್ಳಿಯಿಂದ ತಂದು ಕೂಡಿಸಿದ್ದು. ಆರ್‌ಸಿಯೊಳಗಿನ ನಂಬರ್ ಅದರ ಮ್ಯಾಲೆ ಅವರ ಹೊಡಿಸಿದ್ರು."

ಎಂಜಿನ್ ಬದಲಾದದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ಆ ಅಂಕಿಗಳಲ್ಲಿ. ಆರ್‌ಟಿಒದಲ್ಲಿ ಅದನ್ನು ಒಪ್ಪಿ ಸರಿಪಡಿಸಿಕೊಳ್ಳದೆ ಗಾಡಿ ಕೈಬದಲಾಗುವಂತಿರಲಿಲ್ಲ. ಅಳಿಯ ಸಿಟ್ಟಾಗುತ್ತಾನೆಂದುಕೊಂಡೆ. ಅವನು ಪೆನ್ಸಿಲ್ ತೆಗೆದುಕೊಂಡು ಅದೇ ಕಾಗದದ ಹಿಂದೆ ಬರೆಯತೊಡಗಿದ. ಎಂಜಿನ್ ಯಾವ ವರ್ಷ ಬಂತು, ಕೂಡಿಸಿದ ಮಿಸ್ತ್ರಿ ಯಾವ ಊರಿನವ, ಹಳೆಯದು ಏನಾಯಿತು ಎಂದು ಒಂದೊಂದಾಗಿ ಕೇಳಿದ. ಹಿರಿಯರು ಒಂದೊಂದಕ್ಕೂ ಯೋಚಿಸಿ ಉತ್ತರಿಸಿದರು. ಒಂದು ಕಡೆ ವರ್ಷ ತಪ್ಪಿತೆಂದು, ತಂಗಿಯ ಮದುವೆಯ ಲೆಕ್ಕ ಹಿಡಿದು ತಾವೇ ತಿದ್ದಿದರು. ಅವನು ಬರೆದು ಮುಗಿಸಿ ಕಾಗದ ಮಡಚುವಾಗ ಅವರು ಕೈಯೆತ್ತಿ ತಡೆದರು.

"ಟಾಕಿ ಬಣ್ಣಾನೂ ಬರ್ಕೊ ತಮ್ಮಾ. ಎರಡ ಸಲ ಆಗೇತಿ."