ಕಲ್ಲಿನ ಸಂದಿ

ನಮ್ಮ ಮನೆಯ ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ. ಕುಕ್ಕರು ಆರು ಸಲ ಕೂಗಿದರೂ ಬೇಳೆ ಬೇರೆ, ನೀರು ಬೇರೆಯಾಗಿಯೇ ಉಳಿಯುತ್ತವೆ. ಸೋಪಿಗೆ ನೊರೆ ಬರುವುದಿಲ್ಲ. ನಲ್ಲಿಯ ಮೂತಿಗೆ, ಬಕೆಟ್ಟಿನ ಅಂಚಿಗೆ, ಹಂಡೆಯ ಒಳಮೈಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಸಿಂಧನೂರಿನ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದು ಕಣ್ಣು ಹಾಯುವವರೆಗೂ ಭತ್ತ ನಿಂತಿದ್ದರೂ ನಮ್ಮ ಓಣಿಯ ನೆಲದಡಿಯ ನೀರು ಮಾತ್ರ ಹೀಗೇ. ಕ್ಯಾನಿನಿಂದ ಫಿಲ್ಟರ್ ನೀರನ್ನು ಪಾತ್ರೆಗೆ ಬಗ್ಗಿಸುತ್ತ ಅವ್ವ ಎಷ್ಟೋ ಸಲ ಅಂದಿದ್ದಾಳೆ, "ಈ ಸವಳು ನೀರಾಗ ಏನು ಬದುಕ್ತೈತಪಾ ತಮ್ಮಾ."

ನಡುಮನೆಯ ಗೋಡೆಗೆ ಹತ್ತಿಸಿ ಇಟ್ಟ ನಾಲ್ಕಡಿ ಗಾಜಿನ ತೊಟ್ಟಿಯಲ್ಲಿ ಆ ಮಾತಿಗೆ ಉತ್ತರವಿದೆ. ಅದರಲ್ಲಿರುವುದು ಇದೇ ಬೋರಿನ ನೀರು. ಅದರೊಳಗೆ ಆಫ್ರಿಕಾದ ಮಲಾವಿ ಸರೋವರದ ಮೂಲದ ಹಳದಿ ಮೀನುಗಳು ಓಡಾಡಿಕೊಂಡಿವೆ, ಜಗಳಾಡುತ್ತವೆ, ಮರಿ ಮಾಡುತ್ತವೆ.

ಮಲಾವಿ ಎಂಬುದು ಸುಮಾರು 580 ಕಿಲೋಮೀಟರ್ ಉದ್ದದ ಸರೋವರ. ಇಲ್ಲಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಮೈಸೂರನ್ನೂ ದಾಟಿದರೆ ಅಷ್ಟು ದೂರವಾದೀತು. ಆಳ ಕೆಲವೆಡೆ 700 ಮೀಟರ್. ಅದರ ನೀರು ನಮ್ಮ ಬೋರಿನಷ್ಟು ಗಡುಸಲ್ಲ. ಆದರೆ ಕ್ಷಾರದ ನೀರು, ಪಿಎಚ್ 7.7ರಿಂದ 8.6ರವರೆಗೆ. ತೊಟ್ಟಿಯಲ್ಲಿ ಮೀನಿನ ಹೊಲಸು ಕೊಳೆತು ನೀರು ದಿನದಿನಕ್ಕೆ ಹುಳಿಯ ಕಡೆ ಜಾರುತ್ತದೆ. ನೀರಲ್ಲಿ ಕರಗಿದ ಸುಣ್ಣದಂಶ ಆ ಜಾರಿಕೆಯನ್ನು ತಡೆದು ನಿಲ್ಲಿಸುತ್ತದೆ. ಮೆದು ನೀರಿನ ಊರುಗಳಲ್ಲಿ ಈ ಮೀನು ಸಾಕುವವರು ಹವಳದ ಚೂರು, ಅಡುಗೆ ಸೋಡಾ ಬೆರೆಸಿ ನೀರನ್ನು ಹದಕ್ಕೆ ತರುತ್ತಾರೆ. ನಾನು ನಲ್ಲಿ ತಿರುವಿದರೆ ಸಾಕು. ನಮ್ಮ ಬೇಳೆಯನ್ನು ಬೇಯಗೊಡದ ಅದೇ ಸುಣ್ಣ ಇಲ್ಲಿ ಮೀನುಗಳನ್ನು ಕಾಯುತ್ತದೆ. ಇದು ತಿಳಿದ ದಿನ ನಲ್ಲಿಯ ಮೂತಿಯ ಬಿಳಿ ಹಕ್ಕಳೆಯನ್ನು ಉಗುರಿನಿಂದ ಕೆರೆದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ್ದೆ.

ನೀರು ಸಿಕ್ಕಿತು, ಕಲ್ಲು ಬೇಕಿತ್ತು. ಇವು ಬಂಡೆಗಳ ನಡುವೆಯೇ ಹುಟ್ಟಿ ಬೆಳೆಯುವ ಮೀನು. ಸರೋವರದ ದಂಡೆಯ ಟೊಂಗಾ ಜನ ಇವನ್ನು ಎಂಬೂನ ಎನ್ನುತ್ತಾರೆ. ಕಲ್ಲುಮೀನು ಎಂದೇ ಅದರ ಅರ್ಥ. ನೀರೊಳಗಿನ ಬಂಡೆಗೆ ಬಿಸಿಲು ಬಿದ್ದು ಪಾಚಿ ಹಬ್ಬುತ್ತದೆ, ಪಾಚಿಯೊಳಗೆ ಸಣ್ಣ ಹುಳು ಸೇರುತ್ತವೆ. ಅದನ್ನು ಕೆರೆದು, ಹೆಕ್ಕಿ ತಿಂದು ಇವು ಬದುಕುತ್ತವೆ. ನಮಗೆ ಎರೆಭೂಮಿ ಹೇಗೋ ಇವಕ್ಕೆ ಬಂಡೆ ಹಾಗೆ.

ಮಸ್ಕಿಯಲ್ಲಿ ನನ್ನ ಸೋದರಮಾವನ ಹೊಲವಿದೆ. ಉಳುವಾಗ ಎದ್ದ ಕಲ್ಲುಗಳನ್ನೆಲ್ಲ ಅಜ್ಜನ ಕಾಲದಿಂದ ಬದುವಿಗೆ ಎಸೆದ ಗುಡ್ಡೆ ಅಲ್ಲಿದೆ. ಒಂದು ಭಾನುವಾರ ಎರಡು ಚೀಲ ಆರಿಸಿ ತಂದೆ. ಒಂದೊಂದಕ್ಕೂ ಲಿಂಬೆರಸ ಹಿಂಡಿ ನೋಡಿದೆ. ಗ್ರಾನೈಟು ಸುಮ್ಮನಿರುತ್ತದೆ, ಸುಣ್ಣದ ಕಲ್ಲಾದರೆ ಸಣ್ಣಗೆ ಬುರುಗುತ್ತದೆ. ಬ್ರಷ್ಷಿನಿಂದ ತಿಕ್ಕಿ ತೊಳೆದು, ಮೊದಲು ಕಲ್ಲನ್ನು ತಳದ ಮೇಲೆ ಕೂರಿಸಿ ಆಮೇಲೆ ಮರಳು ತುಂಬಿದೆ. ಮರಳ ಮೇಲೆ ಕಲ್ಲಿಟ್ಟರೆ ಈ ಮೀನುಗಳು ಬುಡ ತೋಡಿ ಉರುಳಿಸುತ್ತವೆ, ಗಾಜು ಒಡೆಯುತ್ತದೆ. ಅಷ್ಟೆಲ್ಲ ಜಾಗ್ರತೆ ಮಾಡಿಯೂ ಮುಖ್ಯವಾದದ್ದು ನನಗೆ ಹೊಳೆದಿರಲಿಲ್ಲ. ಕಲ್ಲಿಗೆ ಕಲ್ಲು ಹೊಂದಿಸಿ, ಚಂದವಾಗಿ, ಒತ್ತೊತ್ತಾಗಿ ಜೋಡಿಸಿದ್ದೆ. ಒಂದೇ ವಾರದಲ್ಲಿ ದೊಡ್ಡ ಗಂಡು ಒಂದು ಸಣ್ಣದನ್ನು ಅಟ್ಟಿಸಿ ಅಟ್ಟಿಸಿ ಕೊಂದಿತು. ರಾಯಚೂರಿನ ಮೀನಿನಂಗಡಿಯ ಹುಡುಗನಿಗೆ ಫೋಟೊ ತೋರಿಸಿದೆ. ಅವನು ಹೇಳಿದ, "ಸರ್, ನೀವು ಗ್ವಾಡಿ ಕಟ್ಟೀರಿ. ಅವಕ್ಕ ಸಂದಿ ಬೇಕ್ರಿ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಕೆಲಸಕ್ಕೆಂದು ದಿನವೂ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗುವವನು ನಾನು. ದಾರಿಯಲ್ಲಿ ಮಸ್ಕಿಯ ಗುಡ್ಡ ಬರುತ್ತದೆ. ಒಂದರ ಮೇಲೊಂದು ಒರಗಿದ ಉರುಟು ಬಂಡೆಗಳು. ಇಷ್ಟು ವರ್ಷ ಅದನ್ನು ಬರೀ ಕಲ್ಲಿನ ರಾಶಿಯೆಂದು ಕಂಡಿದ್ದವನಿಗೆ ಈಗ ಸಂದಿಗಳು ಕಾಣಿಸುತ್ತವೆ. ಕಪ್ಪು ಬಾಯಿ ತೆರೆದ ಸಂದಿ, ಮಳೆ ನೀರು ಇಳಿದ ಸಂದಿ, ಪಾರಿವಾಳ ನುಗ್ಗಿ ಮಾಯವಾಗುವ ಸಂದಿ. ಈ ಗುಡ್ಡದಲ್ಲೇ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಬಂಡೆಯ ಮೇಲೆ ಬ್ರಾಹ್ಮಿ ಅಕ್ಷರ ಕಂಡ. ಅಲ್ಲಿಯವರೆಗೆ ಓದಿದ್ದ ತನ್ನ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆಸಿಕೊಂಡಿದ್ದ ಅರಸನ ಅಶೋಕ ಎಂಬ ಹೆಸರು ಇಲ್ಲಿ ಮೊದಲ ಸಲ ಅವನದೇ ಶಾಸನದಲ್ಲಿ ಸಿಕ್ಕಿತು. ಎರಡು ಸಾವಿರ ವರ್ಷ ಮೀರಿ ಒಂದು ಹೆಸರನ್ನು ಈ ಕಲ್ಲು ಇಟ್ಟುಕೊಂಡಿತ್ತು. ಅದೇ ಅರಸ ಉತ್ತರದ ತನ್ನ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಲ್ಲಿ ಕೆಲವು ಮೀನುಗಳನ್ನೂ ಸೇರಿಸಿದ್ದಾನೆ, ಕೆಲವು ದಿನಗಳಂದು ಮೀನು ಹಿಡಿದು ಮಾರಕೂಡದು ಎಂದಿದ್ದಾನೆ. ಬಸ್ಸು ಮಸ್ಕಿ ದಾಟುವಾಗಲೆಲ್ಲ ಇದು ನೆನಪಾಗುತ್ತದೆ. ಮುಂದೆ ಲಿಂಗಸುಗೂರಿನ ಆಚೆ ಹಟ್ಟಿಯಲ್ಲಿ ಎಷ್ಟೋ ಶತಮಾನಗಳ ಹಿಂದೆಯೇ ಮನುಷ್ಯರು ಕಲ್ಲಿನೊಳಗೆ ಇಳಿದು ಚಿನ್ನದ ಎಳೆ ಹುಡುಕಿದ್ದರು, ಈಗಲೂ ಹುಡುಕುತ್ತಿದ್ದಾರೆ. ಹಟ್ಟಿ ಮಸ್ಕಿಯ ಈ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಆ ಸೀಮೆಯ ಚೂರೊಂದು ನನ್ನ ತೊಟ್ಟಿಯಲ್ಲಿ ಕುಳಿತು, ಹತ್ತು ಲಕ್ಷ ವರ್ಷಗಳ ಆಚೀಚೆ ತನ್ನ ಕುಲವನ್ನು ಹರಡಿಕೊಂಡ ಮೀನಿಗೆ ಮನೆಯಾಗಿದೆ.

ಈ ಹರಡಿಕೊಂಡ ಬಗೆಯೇ ದೊಡ್ಡ ಬೆರಗು. ಮಲಾವಿಯಲ್ಲಿ ಈ ಮೀನುಗಳು ಸೇರಿದ ಸಿಕ್ಲಿಡ್ ಕುಲದ್ದೇ ಐನೂರಕ್ಕೂ ಹೆಚ್ಚು ಜಾತಿ. ದಂಡೆಗುಂಟ ಒಂದಷ್ಟು ದೂರ ಬಂಡೆ, ಆಮೇಲೆ ಬರೀ ಮರಳು, ಮತ್ತೆ ಬಂಡೆ. ಕಲ್ಲುಮೀನು ಸಂದಿ ಬಿಟ್ಟು ಬಯಲು ಮರಳನ್ನು ದಾಟಲು ಹೆದರುತ್ತದೆ. ಹಾಗಾಗಿ ಈ ಬಂಡೆಯವು ಈ ಬಂಡೆಯಲ್ಲೇ, ಆ ಬಂಡೆಯವು ಆ ಬಂಡೆಯಲ್ಲೇ ತಲೆಮಾರುಗಟ್ಟಲೆ ಉಳಿದು ಒಂದೊಂದು ದಂಡೆಗೆ ಒಂದೊಂದು ಬಣ್ಣ ಬಂತು. ನನ್ನ ಹಳದಿ ಮೀನನ್ನೇ ನೋಡಿ. 1956ರಲ್ಲಿ ಜೆಫ್ರಿ ಫ್ರೈಯರ್ ಎಂಬ ವಿಜ್ಞಾನಿ ಅದಕ್ಕೆ ಲ್ಯಾಬಿಡೋಕ್ರೋಮಿಸ್ ಸೆರುಲಿಯಸ್ ಎಂದು ಹೆಸರಿಟ್ಟರು. ಸೆರುಲಿಯಸ್ ಎಂದರೆ ನೀಲಿ. ಅವರು ಕಂಡದ್ದು ಬಿಳಿನೀಲಿ ಬಣ್ಣದ ಮೀನನ್ನು. ಹಳದಿಯದು ಪಶ್ಚಿಮ ದಂಡೆಯ ಒಂದು ಚಿಕ್ಕ ಭಾಗದಲ್ಲಿತ್ತು. ಸಾಕುವವರ ಕಣ್ಣಿಗೆ ಬಿದ್ದು ಲೋಕವೆಲ್ಲ ಹಬ್ಬಿದ್ದು ಅದೇ. ಅಂಗಡಿಯಲ್ಲಿ ಎಲ್ಲರೂ ಯೆಲ್ಲೋ ಲ್ಯಾಬ್ ಎನ್ನುತ್ತಾರೆ, ಪುಸ್ತಕದಲ್ಲಿ ಅದಿನ್ನೂ ನೀಲಿಯೇ. ಇದನ್ನೋದಿದ ಮೇಲೆ ಕೇಳಿಕೊಳ್ಳುತ್ತೇನೆ: ಮಸ್ಕಿ ಗುಡ್ಡದ ಓತಿಕ್ಯಾತ ಎಂದಾದರೂ ಎರೆಹೊಲಗಳನ್ನು ದಾಟಿ ಮುದಗಲ್ಲಿನ ಗುಡ್ಡಕ್ಕೆ ಹೋಗಿದ್ದೀತೇ?

ಎರಡನೆಯ ಸಲ ಕಲ್ಲನ್ನು ಸಡಿಲವಾಗಿ, ಸಂದಿ ಬಿಟ್ಟು ಒರಗಿಸಿದೆ. ಜಗಳ ನಿಲ್ಲಲಿಲ್ಲ, ಸಾವು ನಿಂತಿತು. ಓಡಿಸಿಕೊಂಡದ್ದಕ್ಕೆ ಈಗ ನುಗ್ಗಲು ಜಾಗವಿತ್ತು. ಆಮೇಲೊಂದು ಬೆಳಗ್ಗೆ ಗಂಡು ಚಪ್ಪಟೆ ಕಲ್ಲಿನಡಿ ಮೈ ನಡುಗಿಸುತ್ತ ಹೆಣ್ಣಿನ ಸುತ್ತ ಸುತ್ತುತ್ತಿತ್ತು. ಹೆಣ್ಣು ಒಂದು ಮೊಟ್ಟೆಯಿಟ್ಟಿತು, ಹಿಂದೆ ತಿರುಗಿ ಬಾಯಿಗೆ ತೆಗೆದುಕೊಂಡಿತು. ಇನ್ನೊಂದು. ಗಂಡಿನ ಕೆಳಗಿನ ರೆಕ್ಕೆಯ ಮೇಲೆ ಮೊಟ್ಟೆಯಂಥದೇ ಚುಕ್ಕೆ ಇರುತ್ತದೆ. ಅದಕ್ಕೆ ಹೆಣ್ಣು ಬಾಯಿ ಹಾಕಿದಾಗ ಗಂಡು ವೀರ್ಯ ಬಿಡುತ್ತದೆ, ಮೊಟ್ಟೆಗಳು ಅವಳ ಬಾಯೊಳಗೇ ಫಲಿಸುತ್ತವೆ. ಅಲ್ಲಿಂದ ಮೂರು ವಾರ, ಒಮ್ಮೊಮ್ಮೆ ಇನ್ನೂ ಕೆಲವು ದಿನ, ಆ ಬಾಯಿಗೆ ಅನ್ನವಿಲ್ಲ.

ಗದ್ದ ಇಳಿಬಿದ್ದು ಉಬ್ಬಿರುತ್ತದೆ. ಆಗಾಗ ಜಗಿಯುವಂತೆ ದವಡೆ ಆಡಿಸುತ್ತಾಳೆ. ಒಳಗೆ ಮೊಟ್ಟೆಗಳು ಮಗುಚಿ ಹೊಸ ನೀರು ಆಡಬೇಕು. ನಾನು ಸ್ಪಿರುಲಿನಾ ಚೂರು ಹಾಕಿದರೆ ಉಳಿದವು ಮುಗಿಬೀಳುತ್ತವೆ. ಇವಳು ಸಂದಿಯಿಂದ ಒಂದಿಷ್ಟು ಮುಂದೆ ಬಂದು, ನೋಡಿ, ಹಿಂದೆ ಸರಿಯುತ್ತಾಳೆ. ಬೆನ್ನು ತೆಳುವಾಗುತ್ತದೆ, ಹೊಟ್ಟೆ ಒಳಗೆ ಹೋಗುತ್ತದೆ. ಮರಿ ಉಳಿಸಲು ತಾಯಿಯನ್ನು ಹಿಡಿದು ಬಾಯಿ ಬಿಡಿಸಿ ಮರಿ ತೆಗೆಯುವ ಪದ್ಧತಿ ಸಾಕುವವರಲ್ಲಿ ಉಂಟು. ಒಮ್ಮೆ ನಾನೂ ಆತುರಪಟ್ಟು ಅದನ್ನು ಮಾಡಿದೆ. ದಿನ ತುಂಬಿರಲಿಲ್ಲ. ಹಳದಿ ಭಂಡಾರದ ಚೀಲ ಇನ್ನೂ ಅಂಟಿಕೊಂಡಿದ್ದ, ಕಣ್ಣು ಮಾತ್ರ ಮೂಡಿದ್ದ ಜೀವಗಳು ನನ್ನ ಅಂಗೈ ನೀರಿನಲ್ಲಿ ಬಿದ್ದವು. ಒಂದೂ ಉಳಿಯಲಿಲ್ಲ. ಆ ಕೈಯನ್ನು ಮತ್ತೆ ನಾನು ಅವಳ ಬಾಯಿಗೆ ಒಯ್ದಿಲ್ಲ.

ಒಮ್ಮೆ ಸಿಂಧನೂರಿನ ಮೀನು ಮಾರ್ಕೆಟ್ಟಿನಲ್ಲಿ, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಪುನರ್ವಸತಿಯ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆನಿಂತ ಮನೆತನದ ಅಕ್ಕನೊಬ್ಬಳ ಬುಟ್ಟಿಯ ಮುಂದೆ ನಿಂತಿದ್ದೆ. ಜಿಲೇಬಿ ಮೀನು ರಾಶಿ ಬಿದ್ದಿತ್ತು. ತಿಲಾಪಿಯಾ ಎಂಬ ಈ ಮೀನೂ ಆಫ್ರಿಕಾದ್ದೇ, ಅದೇ ಸಿಕ್ಲಿಡ್ ಕುಲ. ನಮ್ಮ ದೇಶಕ್ಕೆ ಬಂದದ್ದು 1952ರಲ್ಲಿ. ಒಂದರ ತುಟಿಯಲ್ಲಿ ಜೋಳದಂಥ ಮೊಟ್ಟೆ ಸಿಕ್ಕಿಕೊಂಡಿತ್ತು. ಅಕ್ಕ ಬೆರಳಿನಿಂದ ತೆಗೆದು ತೋರಿಸಿದಳು. "ಇದು ತಾಯಿ ಅಣ್ಣ. ಬಾಯಾಗ ಇಟ್ಕೊಂಡಿತ್ತು. ಬಲಿ ಬಿದ್ದ ಕೂಡ್ಲೇ ಉಗುಳಿಬಿಡ್ತಾವ." ನಾನು ಪುಸ್ತಕ ಓದಿ ತಿಳಿದದ್ದು ಅವಳಿಗೆ ಬುಟ್ಟಿಯಲ್ಲೇ ಗೊತ್ತಿತ್ತು. ಆ ಮೀನನ್ನು ಅವಳು ಬೇರೆ ಇಟ್ಟಳು. ಯಾಕೆಂದು ನಾನು ಕೇಳಲಿಲ್ಲ.

ನಮ್ಮ ಬೇಸಿಗೆ ಈ ಮೀನುಗಳಿಗೆ ಕಷ್ಟ. ಅವಕ್ಕೆ 24ರಿಂದ 28 ಡಿಗ್ರಿ ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಉಸಿರು ಕಡಿಮೆ. ಕ್ಷಾರದ ಬಿಸಿನೀರಿನಲ್ಲಿ ಅಮೋನಿಯಾದ ವಿಷವೂ ಹೆಚ್ಚು. ಒಂದು ಮೇ ತಿಂಗಳ ರಾತ್ರಿ ಕರೆಂಟು ಹೋಗಿ ಏರ್ ಪಂಪು ನಿಂತಾಗ ನಾಲ್ಕು ಮೀನು ಸತ್ತವು. ಆಮೇಲಿಂದ ಬ್ಯಾಟರಿ ಪಂಪು ಇಟ್ಟಿದ್ದೇನೆ, ಮೇಲೊಂದು ಫ್ಯಾನು ತಿರುಗುತ್ತದೆ, ಆವಿಯಾಗಿ ಹೋದಷ್ಟಕ್ಕೆ ಅವ್ವನ ಕ್ಯಾನಿನ ಮೆದು ನೀರು ತುಂಬುತ್ತೇನೆ.

ಹೆಣ್ಣು ಮತ್ತೆ ಬಾಯಲ್ಲಿ ಮೊಟ್ಟೆ ಹೊತ್ತು ಮೊನ್ನೆಗೆ ಇಪ್ಪತ್ತನಾಲ್ಕನೆಯ ದಿನ. ಸಂಜೆ ಲೈಟು ಆರಿಸಿ ಟಾರ್ಚು ಹಿಡಿದಾಗ ಅವಳ ಗದ್ದ ಬರಿದಾಗಿತ್ತು. ಕಲ್ಲುಗಳ ನಡುವೆ ಬೆಳಕು ಬಿಟ್ಟೆ. ಏನೂ ಇಲ್ಲ. ಆಮೇಲೆ ಮಾವನ ಹೊಲದ ಒಂದು ಕೆಂಪು ಕಲ್ಲು ಗಾಜಿಗೆ ಒರಗಿದ ಕಡೆ, ಬೆರಳೂ ಹೋಗದ ಸಂದಿಯಲ್ಲಿ, ಅಕ್ಕಿಕಾಳಿನುದ್ದದ ಒಂದು ಮರಿ ಅಲುಗಿತು. ಅದರ ಹಿಂದೆ ಇನ್ನೊಂದು. ಹದಿನಾಲ್ಕು ಎಣಿಸಿದೆ.

ಅವ್ವನನ್ನು ಕರೆದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನೆಲದ ಮೇಲೆ ಕುಳಿತು ಮುಖವನ್ನು ಗಾಜಿಗೆ ಹಚ್ಚಿದಳು.

"ಎಲ್ಲಿಟ್ಟಿತ್ತೋ ಇಷ್ಟು ದಿನ?"

"ಬಾಯಾಗ, ಅವ್ವ."

"ಉಂಡಿದ್ದಿಲ್ಲೇನು?"

"ಇಲ್ಲ."

ಅವ್ವ ಮಾತಾಡಲಿಲ್ಲ. ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಸಂದಿಗೆ ಬೆಳಕು ಹಿಡಿದಳು. ಒಳಗೆ ಒಲೆಯ ಮೇಲೆ ಕುಕ್ಕರು ಕೂಗಿತು, ಮತ್ತೆ ಕೂಗಿತು. ಅವ್ವ ಏಳಲಿಲ್ಲ.