ಬೀಜದ ದಾಸೋಹ

ಭೂಮಿಯನ್ನು ಉತ್ತು ಬಿತ್ತುವ ಸದ್ಗೃಹಸ್ಥನು ಅದರಿಂದ ಎಷ್ಟನ್ನು ಪಡೆಯಲು ಅಧಿಕಾರಿ? ಈ ಪ್ರಶ್ನೆಯು ಮೇಲ್ನೋಟಕ್ಕೆ ಒಕ್ಕಲುತನದ್ದು; ವಿಚಾರಿಸಿ ನೋಡಿದರೆ ಧರ್ಮದ್ದು. ಹೊಲವು ತನ್ನ ಹೆಸರಿನಲ್ಲಿರುವುದರಿಂದ ಅದರ ಸಾರವೆಲ್ಲ ತನ್ನದೆಂಬುದು ಲೋಕದ ನ್ಯಾಯ. ಶರಣರ ನ್ಯಾಯವು ಬೇರೆ. ಅವರ ದೃಷ್ಟಿಯಲ್ಲಿ ಭೂಮಿಯ ಫಲವು ಪ್ರಸಾದ. ಪ್ರಸಾದವನ್ನು ಕೆಡಿಸಲಾಗದು, ಒಬ್ಬನೇ ಬಾಚಿಕೊಳ್ಳಲಾಗದು.

ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯು ಇದಕ್ಕೆ ನಿದರ್ಶನ. ಪತಿ ಮಾರಯ್ಯನು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಆ ಮಹಾತಾಯಿ ಹೇಳಿದಳು. ಅದು ಕದ್ದ ಅಕ್ಕಿಯಲ್ಲ. ಆದರೂ ಅಗತ್ಯವನ್ನು ಮೀರಿದುದರಿಂದ ದಾಸೋಹಕ್ಕೆ ಸಲ್ಲದಾಯಿತು.

ಧಾರವಾಡ ಜಿಲ್ಲೆಯ ಎರೆಹೊಲಗಳಲ್ಲಿ ಈ ಅಳತೆಯು ತಪ್ಪಿದೆ. ಹಿಂದಿನವರು ಜೋಳದ ನಡುವೆ ಅಕ್ಕಡಿ ಕಾಳುಗಳನ್ನು ಬಿತ್ತುತ್ತಿದ್ದರು. ನವಣೆ, ಸಾವೆ, ಬರಗುಗಳನ್ನು ಬೆಳೆಯುತ್ತಿದ್ದರು. ಒಂದು ಬೆಳೆ ಕೈಬಿಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಕಾಳಿನ ಬೇರು ಮಣ್ಣಿಗೆ ಸತ್ವವನ್ನು ಮರಳಿಸುತ್ತಿತ್ತು. ಈಗ ಹಲವೆಡೆ ಒಂದೇ ಬೆಳೆ, ಅಂಗಡಿಯ ಬೀಜ, ವರ್ಷವರ್ಷಕ್ಕೆ ಏರುವ ಗೊಬ್ಬರದ ಸಾಲ. ಮಲಪ್ರಭೆಯ ಕಾಲುವೆಯ ನೀರನ್ನು ಮಿತಿಯಿಲ್ಲದೆ ಹರಿಸಿದ ಕಡೆ ಹೊಲಗಳು ಸವಳು ಜವಳಾಗಿವೆ. ಅಮೃತವೂ ಅಳತೆ ಮೀರಿದರೆ ವಿಷವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಸಂಸಾರಿಗಳ ಆಕ್ಷೇಪವೊಂದುಂಟು: ಸಾವೆಯನ್ನು ಬಿತ್ತಿದರೆ ಮಕ್ಕಳ ವಿದ್ಯೆಗೆ, ಮನೆಯ ಸಾಲಕ್ಕೆ ಗತಿಯೇನು? ಈ ಮಾತನ್ನು ಲೋಭವೆಂದು ತಳ್ಳಿಹಾಕುವುದು ಅನ್ಯಾಯ. ಸಾವೆಯ ಸಿಪ್ಪೆ ಬಿಡಿಸಲು ಹೆಣ್ಣುಮಕ್ಕಳು ಕುಟ್ಟಿ ದಣಿಯಬೇಕಾಗಿತ್ತು; ಅದು ಹೊಲದಿಂದ ಮರೆಯಾದುದಕ್ಕೆ ಆ ದಣಿವೂ ಒಂದು ಕಾರಣ. ಕಾಯಕದ ದಾರಿಯನ್ನು ತೋರದೆ ಮಣ್ಣನ್ನು ರಕ್ಷಿಸೆಂದು ಬೋಧಿಸುವುದು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತೆ.

ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಮಹಿಳೆಯರು ಈ ಆಕ್ಷೇಪಕ್ಕೆ ಕೃತಿಯಿಂದಲೇ ಉತ್ತರವಿತ್ತಿದ್ದಾರೆ. 2018ರಲ್ಲಿ 15 ಜನ ಮಹಿಳೆಯರು ಕೂಡಿ ಬೀಬಿ ಫಾತಿಮಾ ಸ್ವಸಹಾಯ ಸಂಘವನ್ನು ಕಟ್ಟಿದರು. ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಸಿರಿಧಾನ್ಯಗಳ ದೇಸೀ ತಳಿಗಳ ಬೀಜ ಬ್ಯಾಂಕನ್ನು ನಡೆಸಿದರು. ಸೌರಶಕ್ತಿಯ ಯಂತ್ರಗಳಿಂದ ಧಾನ್ಯವನ್ನು ಸಂಸ್ಕರಿಸುವ ಘಟಕವನ್ನು ಸ್ಥಾಪಿಸಿದರು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಯು ಈ ಸಂಘಕ್ಕೆ ಸಂದಿತು.

ಇಲ್ಲಿ ಪ್ರಶಸ್ತಿಗಿಂತ ಮಿಗಿಲಾದುದು ತತ್ತ್ವ. ಸಂಸ್ಕರಿಸಿದ ಧಾನ್ಯವು ಮಾರಾಟಕ್ಕೆ ಹೋಗುತ್ತದೆ. ಅದು ಕಾಯಕದ ಫಲ, ಅದರಲ್ಲಿ ದೋಷವಿಲ್ಲ. ಬೀಜದ ಮಾತು ಬೇರೆ. ಒಯ್ದವನು ಸುಗ್ಗಿಯಲ್ಲಿ ಒಯ್ದುದಕ್ಕಿಂತ ಹೆಚ್ಚಾಗಿ ಮರಳಿಸುವುದು, ಅದು ಮತ್ತೊಬ್ಬನ ಹೊಲಕ್ಕೆ ಸಾಗುವುದು ಸಮುದಾಯ ಬೀಜ ಬ್ಯಾಂಕುಗಳ ರೂಢಿ. ಉಣ್ಣುವ ಕಾಳಿಗೆ ಬೆಲೆಯುಂಟು, ಬಿತ್ತುವ ಕಾಳಿಗೆ ಋಣವುಂಟು. ಈ ಋಣವನ್ನು ಅರಿಯುವುದೇ ಬೀಜದ ದಾಸೋಹ.

ಸಂಘದ ಹೆಸರನ್ನು ಕೇಳಿ, ಇದು ಅನ್ಯರ ಕಾರ್ಯವೆಂದು ಯಾರಾದರೂ ಬಗೆದಲ್ಲಿ ಅವರು ಕಾಯಕತತ್ತ್ವವನ್ನು ಅರಿತವರಲ್ಲ. ಸತ್ಯಶುದ್ಧವಾದ ಕಾಯಕವು ಎಲ್ಲಿ ಉಂಟೋ ಅಲ್ಲಿ ಶರಣರ ಮಾರ್ಗವುಂಟು. ದಾಸೋಹವು ಮಹಾಮನೆಯ ಪಂಕ್ತಿಯಲ್ಲಿ ಮುಗಿಯುವುದಾದರೂ ಅದು ಆರಂಭವಾಗುವುದು ಹೊಲದ ಸಾಲಿನಲ್ಲಿ. ಬರುವ ಮುಂಗಾರಿನಲ್ಲಿ ಕೂರಿಗೆ ಹೂಡುವ ಭಕ್ತರು ಒಂದು ಮಡಿಯನ್ನಾದರೂ ಅಕ್ಕಡಿಗೂ ನವಣೆಗೂ ಮೀಸಲಿಟ್ಟು, ಸುಗ್ಗಿಯಾದ ಮೇಲೆ ಒಂದು ಸೇರು ಬೀಜವನ್ನು ನೆರೆಯವನಿಗೆ ಕೊಡಲಿ. ಮಣ್ಣಿನ ಪಾಲನ್ನು ಮಣ್ಣಿಗೆ ಬಿಟ್ಟು ಉಂಡುದೇ ನಿಜವಾದ ಪ್ರಸಾದ.