ತೋಳಿನ ತುದಿಯ ಚೆಲುವು

ಮಾಗಿ ಕಾಲಿಟ್ಟಿತೆಂದರೆ ನಮ್ಮ ಊರುಗಳ ಬೆಳಗಿನ ವೇಷವೇ ಬದಲಾಗುತ್ತದೆ. ಹಾಲಿನ ಬೂತಿನ ಮುಂದೆ ಮಂಕಿ ಕ್ಯಾಪು, ವಾಕಿಂಗ್ ಹೊರಟವರ ಕೊರಳಲ್ಲಿ ಮಫ್ಲರು, ಸ್ಕೂಲ್ ಬಸ್ಸಿಗೆ ಕಾಯುವ ಮಕ್ಕಳ ಮೈಮೇಲೆ ಅಮ್ಮ ಬಲವಂತದಿಂದ ತೊಡಿಸಿದ ಸ್ವೆಟರು. ಹತ್ತು ಗಂಟೆಯ ಹೊತ್ತಿಗೆ ಅವೆಲ್ಲ ಸೊಂಟಕ್ಕೋ ಬ್ಯಾಗಿಗೋ ಸೇರಿರುತ್ತವೆ. ಜನವರಿಯಲ್ಲಿ ಬೆಂಗಳೂರಿನ ಮುಂಜಾವು 15-16 ಡಿಗ್ರಿಯಲ್ಲಿ ಮೈ ನಡುಗಿಸಿದರೆ, ಮಧ್ಯಾಹ್ನ 27-28ಕ್ಕೆ ಏರಿ ಬೆವರಿಳಿಸುತ್ತದೆ. ಬೀದರ್, ವಿಜಯಪುರದ ಕಡೆ ಕೆಲವು ರಾತ್ರಿ ಪಾದರಸ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಆದರೂ ನಡುಹಗಲಿನ ಬಿಸಿಲು ಬಿಸಿಲೇ. ಇಂಥ ದಿನಕ್ಕೆ ಒಂದೇ ಒಂದು ದಪ್ಪ ಉಡುಪು ಹೊಂದುವುದಿಲ್ಲ. ಒಂದರ ಮೇಲೊಂದು ತೊಟ್ಟು, ಹೊತ್ತು ಏರಿದಂತೆ ಒಂದೊಂದಾಗಿ ಕಳಚುವ ಉಡುಪೇ ಬೇಕು.

ಹೀಗೆ ಪದರ ಪದರವಾಗಿ ಉಡುವುದರ ಗುಟ್ಟು ಗಾಳಿಯಲ್ಲಿದೆ. ಚಳಿಯಿಂದ ನಮ್ಮನ್ನು ಕಾಯುವುದು ಬಟ್ಟೆಗಿಂತ ಹೆಚ್ಚಾಗಿ ಬಟ್ಟೆ ಹಿಡಿದಿಟ್ಟ ಗಾಳಿ. ಅಲುಗಾಡದೆ ನಿಂತ ಗಾಳಿ ಮೈಯ ಬಿಸಿಯನ್ನು ಸುಲಭವಾಗಿ ಹೊರಗೆ ಬಿಟ್ಟುಕೊಡುವುದಿಲ್ಲ. ಉಣ್ಣೆಯ ಎಳೆ ಗುಂಗುರು ಗುಂಗುರಾಗಿರುವುದರಿಂದ ಅದರ ಸಂದಿಗಳಲ್ಲಿ ಗಾಳಿ ಹೇರಳವಾಗಿ ನಿಲ್ಲುತ್ತದೆ. ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಅದು ಮೈಗೆ ಒದ್ದೆ ಎನಿಸುವುದಿಲ್ಲ. ಹತ್ತಿ ಹಾಗಲ್ಲ, ನೆನೆದರೆ ಮೈಗಂಟಿ ಇನ್ನಷ್ಟು ಚಳಿ ಹುಟ್ಟಿಸುತ್ತದೆ. ಆದ್ದರಿಂದಲೇ ಹಿಮ ಬೀಳುವ ನಾಡುಗಳಲ್ಲಿ ಮೂರು ಪದರಗಳಿಗೆ ಮೂರು ಕೆಲಸ ಹಂಚುತ್ತಾರೆ. ಒಳಗಿನದು ಬೆವರನ್ನು ಮೈಯಿಂದ ದಾಟಿಸಬೇಕು, ನಡುವಿನದು ಬಿಸಿ ಉಳಿಸಬೇಕು, ಹೊರಗಿನದು ಬೀಸುಗಾಳಿಯನ್ನೂ ಮಂಜನ್ನೂ ತಡೆಯಬೇಕು. ಮೂರೂ ಬಿಗಿಯಾಗಿದ್ದರೆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಎಷ್ಟು ತೊಟ್ಟರೂ ಚಳಿ ಚಳಿಯೇ.

ಬೆಚ್ಚಗಿರಲು ಇಷ್ಟು ತಿಳಿದರೆ ಸಾಕು. ಚೆಂದ ಕಾಣಲು ಇನ್ನೊಂದು ತಿಳಿವಳಿಕೆ ಬೇಕು: ಒಳಗಿನ ಬಟ್ಟೆಯೂ ಹೊರಗಿನದರಷ್ಟೇ ಮರ್ಯಾದೆಗೆ ಅರ್ಹ. ನಾವು ಮಾಡುವುದು ಇದರ ತದ್ವಿರುದ್ಧ. ಹೇಗೂ ಮೇಲೊಂದು ಜಾಕೆಟ್ ಬರುತ್ತದಲ್ಲ ಎಂದು ಒಳಗೆ ಮಾಸಲು ಟೀ ಶರ್ಟೋ ಮುದುಡಿದ ಕುರ್ತಾವೋ ತೊಟ್ಟು ಹೊರಟುಬಿಡುತ್ತೇವೆ. ಮಧ್ಯಾಹ್ನ ಸೆಕೆ ಏರಿದಾಗ ಜಾಕೆಟ್ ತೆಗೆಯಲು ಸಂಕೋಚ, ತೆಗೆಯದಿದ್ದರೆ ಹಿಂಸೆ. ಚಿಕಾಗೊ, ಟೊರಾಂಟೊಗಳಿಗೆ ಹೊಸದಾಗಿ ಹೋದ ನಮ್ಮವರಿಗೂ ಈ ಪಾಠ ಬೇಗ ತಟ್ಟುತ್ತದೆ. ಬೀದಿಯಲ್ಲಿ ಸೊನ್ನೆಗಿಂತ ಕೆಳಗಿನ ಕೊರೆತ, ಬಾಗಿಲು ದಾಟಿದರೆ ಹೀಟರಿನ ಬಿಸಿ. ಬಾಗಿಲಲ್ಲೇ ಕೋಟು ಕಳಚಿ ಗೂಟಕ್ಕೆ ಹಾಕಬೇಕಾದ ಕಡೆ ದಿನವಿಡೀ ಜನ ನೋಡುವುದು ಒಳಗಿನ ಉಡುಪನ್ನೇ.

ಈ ಮಾತನ್ನು ಕೊಡವರ ಕುಪ್ಯ-ಚೇಲೆಯಷ್ಟು ಚೆನ್ನಾಗಿ ಹೇಳುವ ಉಡುಪು ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಪುತ್ತರಿ ಹಬ್ಬದ ಹೊತ್ತಿಗೆ ಕೊಡಗಿನಲ್ಲಿ ಚಳಿ ಬಲಿತಿರುತ್ತದೆ. ಕೋಲಾಟಕ್ಕೆ ಇಳಿದ ಗಂಡಸರನ್ನು ಹತ್ತಿರದಿಂದ ನೋಡಿ. ಒಳಗೆ ತುಂಬುತೋಳಿನ ಬಿಳಿ ಅಂಗಿ. ಅದರ ಮೇಲೆ ಮೊಣಕಾಲವರೆಗೆ ಇಳಿದ ಕಪ್ಪು ಕುಪ್ಯ. ಅದಕ್ಕೆ ಅರೆತೋಳು ಮಾತ್ರ. ಸೊಂಟ ಸುತ್ತಿದ ಕೆಂಪು ರೇಷ್ಮೆಯ ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ. ಕುಪ್ಯದ ತೋಳು ಮೊಣಕೈ ಹತ್ತಿರ ನಿಲ್ಲುವುದರಿಂದ ಅಲ್ಲಿಂದ ಮುಂಗೈವರೆಗೆ ಬಿಳಿ ಅಂಗಿ ಹೊಳೆಯುತ್ತದೆ. ಕೈ ಎತ್ತಿ ಕೋಲು ಬೀಸಿದಾಗಲೆಲ್ಲ ಕಪ್ಪಿನಿಂದ ಬಿಳುಪು ಚಿಮ್ಮುತ್ತದೆ. ಹೊರಗಿನ ಬಟ್ಟೆ ಒಳಗಿನದನ್ನು ಮುಚ್ಚಿಹಾಕದೆ, ಅದಕ್ಕೆ ಜಾಗ ಬಿಟ್ಟುಕೊಟ್ಟಿದೆ. ಇಡೀ ಉಡುಪಿನ ಗತ್ತು ನಿಂತಿರುವುದು ಹೀಗೆ ಬಿಟ್ಟುಕೊಟ್ಟ ಜಾಗದಲ್ಲಿ.

ಸಾವಿರ ವರ್ಷದ ಹಿಂದೆ ಜಪಾನಿನ ಅರಮನೆಯ ಹೆಂಗಸರು ಇದನ್ನೇ ಒಂದು ಕಲೆಯಾಗಿ ಬೆಳೆಸಿದ್ದರು. 794ರಿಂದ 1185ರವರೆಗಿನ ಹೇಯಾನ್ ಕಾಲದಲ್ಲಿ ಅವರು ರೇಷ್ಮೆಯ ನಿಲುವಂಗಿಗಳನ್ನು ಒಂದರ ಮೇಲೊಂದು ತೊಡುತ್ತಿದ್ದರು. ಕೊರಳು, ತೋಳು, ಕೆಳಅಂಚುಗಳಲ್ಲಿ ಪ್ರತಿ ಪದರವೂ ಒಂದಿಷ್ಟೇ ಇಣುಕುವಂತೆ ಜೋಡಿಸುತ್ತಿದ್ದರು. ಆ ಬಣ್ಣಗಳ ಸಾಲಿಗೆ ಋತುವಿನ ನಿಯಮವಿತ್ತು. ಶರತ್ಕಾಲದಲ್ಲಿ ಕೆಂಪೇರಿದ ಮೇಪಲ್ ಎಲೆಯ ಬಣ್ಣಗಳು, ಸೇವಂತಿಗೆಯ ಬಣ್ಣಗಳು ತೋಳಿನ ತುದಿಗೆ ಬರುತ್ತಿದ್ದವು. ಆ ಹೆಂಗಸರು ಹೊರಗಿನವರೆದುರು ಮುಖ ತೋರಿಸುತ್ತಿದ್ದುದು ಅಪರೂಪ. ಪರದೆಯ ಕೆಳಗಿನಿಂದ ಹೊರಚಾಚಿದ ತೋಳಿನ ಅಂಚನ್ನು ನೋಡಿಯೇ ಒಳಗೆ ಕುಳಿತವರ ಅಭಿರುಚಿಯನ್ನು ಅಳೆಯುತ್ತಿದ್ದರು. ಎಷ್ಟು ತೊಟ್ಟಿದ್ದಾರೆ ಎಂಬುದಕ್ಕಿಂತ, ಒಂದು ಬಣ್ಣ ಇನ್ನೊಂದರ ಪಕ್ಕ ಹೇಗೆ ಕೂತಿದೆ ಎಂಬುದಕ್ಕೆ ಅಲ್ಲಿ ಬೆಲೆಯಿತ್ತು.

ನಮ್ಮ ಮನೆಗಳಲ್ಲಿ ಈ ಚೆಲುವು ಹೆಚ್ಚಾಗಿ ಸೋಲುವುದು ಸೀರೆಯ ಮೇಲೆ ಸ್ವೆಟರ್ ಬಂದಾಗ. ಒಳ್ಳೆಯ ಇಳಕಲ್ ಸೀರೆ ಉಟ್ಟು, ಅದರ ಮೇಲೆ ಗುಂಡಿ ಸ್ವೆಟರ್ ಬಿಗಿದರೆ ಸೆರಗು ಒಳಗೆ ಮುದುಡಿಹೋಗುತ್ತದೆ. ಇಳಕಲ್ಲಿನ ಜೀವವಿರುವುದೇ ಆ ಕೆಂಪು ರೇಷ್ಮೆಯ ಸೆರಗಿನಲ್ಲಿ. ಅದನ್ನೇ ಮುಚ್ಚಿದ ಮೇಲೆ ಉಳಿಯುವುದೇನು? ಪರಿಹಾರ ಸುಲಭ. ಉಣ್ಣೆಯನ್ನು ಒಳಗೆ ತನ್ನಿ. ತುಂಬುತೋಳಿನ ತೆಳು ವುಲನ್ ಬ್ಲೌಸ್ ತೊಟ್ಟು, ಸೆರಗನ್ನು ಅದರ ಮೇಲೆ ಧಾರಾಳವಾಗಿ ಬಿಡಿ. ಚಳಿ ಹೆಚ್ಚಿದರೆ ಹೊರಗೆ ಒಂದು ಸಾದಾ ಶಾಲು, ಒಂದೇ ಹೆಗಲಿನ ಮೇಲೆ. ಬಿಸಿಲು ಬಂದಾಗ ಶಾಲು ಮಡಿಸಿ ಕೈಗೆ ತೆಗೆದುಕೊಂಡರೆ ಮುಗಿಯಿತು. ಸೀರೆ ಬೆಳಿಗ್ಗೆ ಉಟ್ಟಂತೆಯೇ ಇರುತ್ತದೆ. ಕುರ್ತಾ ತೊಡುವವರು ಗುಳೇದಗುಡ್ಡದ ಖಣದಲ್ಲಿ ತೋಳಿಲ್ಲದ ಜಾಕೆಟ್ ಹೊಲಿಸಿಕೊಳ್ಳಬಹುದು. ಎದೆಗೂ ಬೆನ್ನಿಗೂ ಬೆಚ್ಚಗೆ, ತೋಳಿಗೆ ಹಗುರ, ಕುರ್ತಾದ ಬಣ್ಣಕ್ಕೂ ಕಾಣಿಸಿಕೊಳ್ಳುವ ಅವಕಾಶ.

ಗಂಡಸರಿಗೂ ಇದೇ ಲೆಕ್ಕ. ಇಸ್ತ್ರಿ ಮಾಡಿದ ಹತ್ತಿಯ ಅಂಗಿ, ಅದರ ಮೇಲೆ ತೋಳಿಲ್ಲದ ತೆಳು ಸ್ವೆಟರ್, ಅದರ ಮೇಲೆ ಮುಂಭಾಗ ತೆರೆದ ಕೋಟು. ಮೈಯಿಂದ ಹೊರಗೆ ಬಂದಂತೆ ಬಟ್ಟೆ ತೆಳುವಿನಿಂದ ದಪ್ಪಕ್ಕೆ ಹೋಗಬೇಕು. ದಪ್ಪದ ಮೇಲೆ ತೆಳು ಬಂದರೆ ಮೈಯೆಲ್ಲ ಉಬ್ಬಿ ಕಾಣುತ್ತದೆ. ಕಣ್ಣು ಸೆಳೆಯುವ ವಿನ್ಯಾಸ ಒಂದೇ ಪದರದಲ್ಲಿರಲಿ, ಉಳಿದವು ಅದಕ್ಕೆ ದಾರಿ ಬಿಡಲಿ. ಉದ್ದಗಳು ಬೇರೆ ಬೇರೆಯಾಗಿರಲಿ, ಆಗ ಪ್ರತಿಯೊಂದರ ಅಂಚೂ ಕಾಣುತ್ತದೆ. ಇದಕ್ಕೆ ಹೊಸ ಖರ್ಚು ಹೆಚ್ಚು ಬೇಕಿಲ್ಲ. ಪ್ರತಿ ಚಳಿಗಾಲ ಬೈಲಕುಪ್ಪೆ, ಮುಂಡಗೋಡಗಳ ಟಿಬೆಟನ್ನರು ಊರೂರಿಗೆ ಬಂದು ಸ್ವೆಟರ್ ಅಂಗಡಿ ಹಾಕುತ್ತಾರೆ. ಅಲ್ಲಿ ಕೊಂಡದ್ದು ನಮ್ಮ ಬೀರುಗಳಲ್ಲಿ ವರ್ಷಗಟ್ಟಲೆ ಬಾಳಿಕೆ ಬಂದಿದೆ. ಬೇಕಿರುವುದು ಇರುವುದನ್ನೇ ಜೋಡಿಸುವ ಕಣ್ಣು.

ಕಳಚಿದ ಪದರಕ್ಕೂ ಒಂದು ಘನತೆಯಿದೆ ಎಂದು ತೋರಿಸಿಕೊಟ್ಟವರು ನಮ್ಮ ಕುರಿಗಾಹಿಗಳು. ಅವರ ಕರಿ ಕಂಬಳಿ ಇಬ್ಬನಿಯ ಬೆಳಗಿನಲ್ಲಿ ತಲೆಯಿಂದ ಬೆನ್ನಿಗಿಳಿದ ಕೊಪ್ಪೆ. ಬಿಸಿಲೇರಿದಾಗ ಅದೇ ಕಂಬಳಿ ನೀಟಾಗಿ ಮಡಿಸಿ ಹೆಗಲೇರುತ್ತದೆ, ಆಗ ಒಳಗಿನ ಬಿಳಿ ಅಂಗಿ, ಧೋತರ ಕಾಣುತ್ತವೆ. ತೊಟ್ಟಾಗ ಎಷ್ಟು ಚೆಂದವೋ ತೆಗೆದಾಗಲೂ ಅಷ್ಟೇ ಚೆಂದ. ಕುರ್ಚಿಯ ಬೆನ್ನಿಗೆ ಎಸೆದ, ಬ್ಯಾಗಿಗೆ ತುರುಕಿದ ನಮ್ಮ ಸ್ವೆಟರುಗಳಿಗೂ ಅಷ್ಟು ಗೌರವ ಸಲ್ಲಬೇಕು.

ಚಳಿಗಾಲದ ಉಡುಪಿನಲ್ಲಿ ಅಂದ ಹೊರಗಿನಿಂದ ಒಳಕ್ಕೆ ಹೋಗುವುದಿಲ್ಲ, ಒಳಗಿನಿಂದ ಹೊರಕ್ಕೆ ಬರುತ್ತದೆ. ಯಾರ ಕಣ್ಣಿಗೂ ಬೀಳದು ಎಂದುಕೊಂಡ ಬಟ್ಟೆಯನ್ನೂ ಶುಭ್ರವಾಗಿ, ಮೈಗೆ ಒಪ್ಪುವಂತೆ ತೊಟ್ಟವರು ಯಾವ ಹೊತ್ತಿನಲ್ಲಿ ಯಾವ ಪದರ ಕಳಚಿದರೂ ಮುಜುಗರ ಪಡಬೇಕಿಲ್ಲ. ಅವರ ನಡಿಗೆಯಲ್ಲಿ ಕಾಣುವ ನಿರಾಳ ಯಾವ ದುಬಾರಿ ಜಾಕೆಟ್ಟಿನಿಂದಲೂ ಬರುವಂಥದ್ದಲ್ಲ. ನಾಳೆ ಬೆಳಿಗ್ಗೆ ಬೀರು ತೆರೆದಾಗ ಮೊದಲು ಆರಿಸಬೇಕಾದದ್ದು ಮಧ್ಯಾಹ್ನದ ಅಂಗಿಯನ್ನು. ಮುಂಜಾವಿನ ಸ್ವೆಟರ್ ಅದಕ್ಕೆ ಹೊಂದಿಕೊಂಡು ತಾನೇ ಬರುತ್ತದೆ.